ಬೆನ್ನುಡಿಯನ್ನು ನೀವೇ ಬರೆಯಬೇಕು

ಕನ್ನಡದಲ್ಲಿ ಕಾದಂಬರಿ ಬರೆದು ಮುಗಿಸಿದವರು ಮೊದಲು ಹುಡುಕುವುದು ಮುನ್ನುಡಿ ಬರೆದುಕೊಡುವ ಹಿರಿಯರನ್ನು. ಆಮೇಲೆ ಬೆನ್ನುಡಿಗೆ ಇನ್ನೊಬ್ಬರು. ಲೇಖಕರ ಪಾಲಿಗೆ ಉಳಿಯುವುದು ‘ನನ್ನ ಮಾತು’ ಎಂಬ ಎರಡು ಪುಟ. ಅದರಲ್ಲೂ ಮುಕ್ಕಾಲು ಪಾಲು ಉಪಕಾರ ಸ್ಮರಣೆ. ಹಸ್ತಪ್ರತಿಯನ್ನು ಪ್ರಕಾಶಕರಿಗೆ ನಾವೇ ಮುಟ್ಟಿಸುತ್ತೇವೆ, ಬೇಕಿದ್ದರೆ ಪರಿಚಯದವರಿಂದ ಒಂದು ಮಾತು ಹೇಳಿಸುತ್ತೇವೆ. ಧಾರವಾಡದ ಮನೋಹರ ಗ್ರಂಥಮಾಲೆಯಿಂದ ಹೆಗ್ಗೋಡಿನ ಅಕ್ಷರ ಪ್ರಕಾಶನದವರೆಗೆ ನಮ್ಮ ಪುಸ್ತಕಲೋಕ ಬೆಳೆದದ್ದು ಈ ನೇರ ನಂಟಿನಿಂದಲೇ. ನಡುವೆ ಏಜೆಂಟ್ ಎಂಬೊಬ್ಬರು ಇಲ್ಲಿ ಬೇಕಾಗಲಿಲ್ಲ.

ಇಂಗ್ಲಿಷಿನ ಲೋಕಕ್ಕೆ ಹೋದರೆ ಈ ದಾರಿ ಕೊನೆಯಾಗುತ್ತದೆ. ಪೆಂಗ್ವಿನ್ ರ‍್ಯಾಂಡಮ್ ಹೌಸ್, ಹಾರ್ಪರ್‌ಕಾಲಿನ್ಸ್, ಸೈಮನ್ ಅಂಡ್ ಶೂಸ್ಟರ್, ಹ್ಯಾಶೆಟ್, ಮ್ಯಾಕ್‌ಮಿಲನ್ ಎಂಬ ಐದು ದೊಡ್ಡ ಸಂಸ್ಥೆಗಳ ಲಂಡನ್, ನ್ಯೂಯಾರ್ಕ್ ಕಚೇರಿಗಳ ಸಂಪಾದಕರು ಲೇಖಕರು ತಾವಾಗಿ ಕಳಿಸಿದ ಕಾದಂಬರಿಯನ್ನು ಸಾಮಾನ್ಯವಾಗಿ ಓದುವುದೇ ಇಲ್ಲ. ಅದು ಸಾಹಿತ್ಯ ಏಜೆಂಟರ ಮೂಲಕ ಬರಬೇಕು. 2025ರಲ್ಲಿ ಬಾನು ಮುಷ್ತಾಕ್ ಅವರ ಕಥೆಗಳು ದೀಪಾ ಭಾಸ್ತಿ ಅವರ ಅನುವಾದದಲ್ಲಿ ‘ಹಾರ್ಟ್ ಲ್ಯಾಂಪ್’ ಆಗಿ ಅಂತಾರಾಷ್ಟ್ರೀಯ ಬೂಕರ್ ಪಡೆದ ಮೇಲೆ, ಏಜೆಂಟರಿಗೆ ಬರೆಯುವುದು ಹೇಗೆ ಎಂದು ನನ್ನನ್ನು ಕೇಳುವವರು ಹೆಚ್ಚಾಗಿದ್ದಾರೆ. ಬೆಂಗಳೂರಿನಲ್ಲೋ ನ್ಯೂಜೆರ್ಸಿಯಲ್ಲೋ ಕೂತು ಇಂಗ್ಲಿಷಿನಲ್ಲೇ ಬರೆಯುವ ಕನ್ನಡಿಗರು ಕೆಲವರು, ಕನ್ನಡದ ಕಾದಂಬರಿಯನ್ನು ಇಂಗ್ಲಿಷಿಗೆ ತಂದು ಕಾಯುತ್ತಿರುವವರು ಕೆಲವರು. ಅವರು ತೋರಿಸಿದ ಪತ್ರಗಳನ್ನು ಓದಿದಾಗ ನನಗೆ ಕಾಣುವ ತೊಡಕು ಹೆಚ್ಚುಕಡಿಮೆ ಒಂದೇ. ಅವರ ಇಂಗ್ಲಿಷ್ ಚೆನ್ನಾಗಿಯೇ ಇರುತ್ತದೆ. ತಮ್ಮ ಪುಸ್ತಕದ ಪರವಾಗಿ ತಾವೇ ಮಾತಾಡುವ ರೂಢಿ ಮಾತ್ರ ಇರುವುದಿಲ್ಲ.

ಏಜೆಂಟರ ಕೆಲಸವನ್ನು ಮೊದಲು ತಿಳಿದುಕೊಳ್ಳೋಣ. ಲೇಖಕರ ಪರವಾಗಿ ಹಸ್ತಪ್ರತಿಯನ್ನು ಸರಿಯಾದ ಸಂಪಾದಕರಿಗೆ ತಲುಪಿಸಿ, ದರ ಮಾತಾಡಿ, ಒಪ್ಪಂದದ ಕರಾರುಗಳನ್ನು ತಿದ್ದಿಸಿ, ರಾಯಧನದ ಲೆಕ್ಕ ನೋಡುವುದು ಅವರ ಕೆಲಸ. 19ನೇ ಶತಮಾನದ ಕೊನೆಯ ದಶಕಗಳಲ್ಲಿ ಲಂಡನ್ನಿನ ಎ. ಪಿ. ವಾಟ್ ಇದನ್ನೊಂದು ವೃತ್ತಿಯಾಗಿಸಿದಾಗ ಲೇಖಕರ ಗಳಿಕೆಯಲ್ಲಿ ಶೇ 10 ಪಡೆಯುತ್ತಿದ್ದರು. ಈಗಿನ ರೂಢಿ ತಾಯ್ನಾಡಿನ ಮಾರಾಟಕ್ಕೆ ಶೇ 15, ವಿದೇಶಿ ಮತ್ತು ಅನುವಾದದ ಹಕ್ಕುಗಳಿಗೆ ಶೇ 20. ನಿಮಗೆ 10,000 ಡಾಲರ್ ಮುಂಗಡ ಸಿಕ್ಕರೆ ಏಜೆಂಟರಿಗೆ 1,500. ಪುಸ್ತಕ ಮಾರಾಟವಾಗದಿದ್ದರೆ ಅವರಿಗೆ ಒಂದು ಕಾಸೂ ಇಲ್ಲ. ಎರಡು ವರ್ಷ ಸಂಬಳವಿಲ್ಲದೆ ದುಡಿಯಲು ಸಿದ್ಧರಾಗುವಷ್ಟು ಹಿಡಿಸಿದ ಪುಸ್ತಕವನ್ನು ಮಾತ್ರ ಅವರು ಒಪ್ಪಿಕೊಳ್ಳುತ್ತಾರೆ. ಇದನ್ನು ನೆನಪಿಟ್ಟುಕೊಂಡರೆ ಅವರ ನಿರಾಕರಣೆಯೂ ಅಷ್ಟು ಕಹಿ ಎನಿಸುವುದಿಲ್ಲ.

ನಮ್ಮ ಮೈಸೂರಿನ ಆರ್. ಕೆ. ನಾರಾಯಣ್ ಅವರ ಮೊದಲ ಕಾದಂಬರಿಯ ಕಥೆಯನ್ನು ಎಲ್ಲರೂ ಹೇಳುತ್ತಾರೆ. ‘ಸ್ವಾಮಿ ಅಂಡ್ ಫ್ರೆಂಡ್ಸ್’ ಹಸ್ತಪ್ರತಿಯನ್ನು ಪ್ರಕಾಶಕರು ಹಿಂದಿರುಗಿಸಿದಾಗ ಬೇಸತ್ತ ನಾರಾಯಣ್, ಆಕ್ಸ್‌ಫರ್ಡ್‌ನಲ್ಲಿ ಓದುತ್ತಿದ್ದ ಮಿತ್ರ ಪೂರ್ಣ ಅವರಿಗೆ, ಅದನ್ನು ಭಾರ ಕಟ್ಟಿ ಥೇಮ್ಸ್ ನದಿಗೆ ಹಾಕಿಬಿಡು ಎಂದು ಬರೆದರು. ಪೂರ್ಣ ಹಾಗೆ ಮಾಡದೆ ಕಾದಂಬರಿಕಾರ ಗ್ರಹಾಂ ಗ್ರೀನ್ ಕೈಗೆ ಕೊಟ್ಟರು. ಗ್ರೀನ್ ಶಿಫಾರಸಿನಿಂದ 1935ರಲ್ಲಿ ಹ್ಯಾಮಿಶ್ ಹ್ಯಾಮಿಲ್ಟನ್ ಸಂಸ್ಥೆ ಅದನ್ನು ಪ್ರಕಟಿಸಿತು. ಕಥೆಯನ್ನು ಇಲ್ಲಿಗೇ ನಿಲ್ಲಿಸುವವರೇ ಹೆಚ್ಚು. ಮುಂದೆ ಲಂಡನ್ನಿನಲ್ಲಿ ನಾರಾಯಣ್ ಪರ ವ್ಯವಹಾರ ನೋಡಿಕೊಂಡದ್ದು ಗ್ರೀನ್ ಅವರ ಏಜೆಂಟರೇ ಆಗಿದ್ದ ಡೇವಿಡ್ ಹೈಯಮ್. ಗ್ರೀನ್ ಅವರಂಥ ಒಬ್ಬರು ಸಿಗುವುದು ಅದೃಷ್ಟದ ಮಾತು. ಹೈಯಮ್ ಅವರಂಥವರನ್ನು ಹುಡುಕಿಕೊಳ್ಳುವುದಕ್ಕೆ ಒಂದು ಕ್ರಮವಿದೆ.

ಕಳಿಸುವ ಮೊದಲು

ಕಾದಂಬರಿ ಪೂರ್ತಿ ಮುಗಿದಿರಬೇಕು. ಐವತ್ತು ಪುಟ ಕಳಿಸಿ ನೋಡೋಣ, ಒಪ್ಪಿದರೆ ಉಳಿದದ್ದು ಬರೆಯೋಣ ಎನ್ನುವುದು ಇಲ್ಲಿ ನಡೆಯುವುದಿಲ್ಲ. ವಿಚಾರ ಸಾಹಿತ್ಯವನ್ನು ಪ್ರಸ್ತಾವ ಮತ್ತು ಒಂದೆರಡು ಅಧ್ಯಾಯಗಳ ಮೇಲೆ ಮಾರಬಹುದು, ಹೊಸಬರ ಕಾದಂಬರಿಯನ್ನು ಮಾರಲಾಗದು. ಇಂದು ಪತ್ರ ಕಳಿಸಿ ನಾಳೆ ಬೆಳಿಗ್ಗೆ ‘ಪೂರ್ತಿ ಕಳಿಸಿ’ ಎಂಬ ಉತ್ತರ ಬಂದರೆ ನಿಮ್ಮ ಕೈಯಲ್ಲಿ ತಿದ್ದಿ ಮುಗಿಸಿದ ಪ್ರತಿ ಇರಬೇಕು. ಉದ್ದವನ್ನು ಅವರು ಪುಟಗಳಲ್ಲಿ ಹೇಳುವುದಿಲ್ಲ, ಪದಗಳಲ್ಲಿ ಹೇಳುತ್ತಾರೆ. ದೊಡ್ಡವರ ಕಾದಂಬರಿಗೆ 80,000ದಿಂದ 1,00,000 ಪದ ಹಿತವಾದ ಅಳತೆ. ಸಾಹಿತ್ಯಿಕ ಕಾದಂಬರಿ ಇದಕ್ಕಿಂತ ಚಿಕ್ಕದಿದ್ದರೂ ನಡೆಯುತ್ತದೆ. ಎರಡು ಲಕ್ಷ ಪದಗಳ ಮೊದಲ ಕಾದಂಬರಿಯನ್ನು ಅಂಕಿ ನೋಡಿಯೇ ಬದಿಗಿಡುವವರಿದ್ದಾರೆ. ಕನ್ನಡದಿಂದ ಅನುವಾದಿಸುವವರು ಇನ್ನೊಂದನ್ನು ಗಮನಿಸಬೇಕು: ‘ಮಾಡಿಸಿಕೊಂಡಿದ್ದಾಳಂತೆ’ ಎಂಬ ನಮ್ಮ ಒಂದು ಪದ ಇಂಗ್ಲಿಷಿನಲ್ಲಿ ಐದಾರು ಪದವಾಗುತ್ತದೆ. ಹಾಗಾಗಿ ಕನ್ನಡದ ಪದಗಳ ಎಣಿಕೆಯನ್ನೇ ಹೇಳಬೇಡಿ.

ಯಾರಿಗೆ ಕಳಿಸಬೇಕು ಎಂಬುದಕ್ಕೆ ನನಗೆ ತಿಳಿದ ಅತ್ಯುತ್ತಮ ದಾರಿ ನಿಮ್ಮ ಕಪಾಟಿನಲ್ಲೇ ಇದೆ. ನಿಮ್ಮ ಕಾದಂಬರಿಯ ಜೊತೆ ಇಡಬಹುದಾದ, ಈಚಿನ ನಾಲ್ಕೈದು ವರ್ಷಗಳ ಇಂಗ್ಲಿಷ್ ಕಾದಂಬರಿಗಳನ್ನು ತೆಗೆದು ಕೊನೆಯ ಕೃತಜ್ಞತೆಯ ಪುಟ ಓದಿ. ನಮ್ಮವರು ‘ನನ್ನ ಮಾತು’ ಪುಟಗಳಲ್ಲಿ ಡಿಟಿಪಿ ಮಾಡಿದವರನ್ನು ನೆನೆಯುವಂತೆ ಅವರು ಏಜೆಂಟರನ್ನು ತಪ್ಪದೆ ನೆನೆಯುತ್ತಾರೆ. ಅಲ್ಲಿಂದ ಹೆಸರು ಹಿಡಿದು ಆ ಏಜೆನ್ಸಿಯ ಸ್ವಂತ ಜಾಲತಾಣಕ್ಕೆ ಹೋಗಿ. ಬ್ರಿಟನ್ನಿನ ‘ರೈಟರ್ಸ್ ಅಂಡ್ ಆರ್ಟಿಸ್ಟ್ಸ್ ಇಯರ್‌ಬುಕ್’, ‘ಕ್ವೆರಿ ಟ್ರ್ಯಾಕರ್’ ಮತ್ತು ‘ಮ್ಯಾನುಸ್ಕ್ರಿಪ್ಟ್ ವಿಶ್ ಲಿಸ್ಟ್’ ಎಂಬ ಜಾಲತಾಣಗಳು, ಇವೂ ನೆರವಾಗುತ್ತವೆ. ಭಾರತದಲ್ಲಿ ದೆಹಲಿಯ ರೈಟರ್ಸ್ ಸೈಡ್ ಮತ್ತು ರೆಡ್ ಇಂಕ್, ಜೈಪುರದ ಸಿಯಾಹಿ ಹೆಸರಾದ ಏಜೆನ್ಸಿಗಳು. ಇಲ್ಲಿಯ ಇಂಗ್ಲಿಷ್ ಪ್ರಕಾಶಕರಲ್ಲಿ ಕೆಲವರು ಏಜೆಂಟರಿಲ್ಲದೆಯೂ ಹಸ್ತಪ್ರತಿ ನೋಡುತ್ತಾರೆ. ಹೊರದೇಶದ ಸಣ್ಣ ಸ್ವತಂತ್ರ ಪ್ರಕಾಶನಗಳಲ್ಲೂ ಅಂಥವು ಉಂಟು. ‘ಹಾರ್ಟ್ ಲ್ಯಾಂಪ್’ ತಂದ ಅಂಡ್ ಅದರ್ ಸ್ಟೋರೀಸ್ ಕೂಡ ಶೆಫೀಲ್ಡ್ ನಗರದ ಒಂದು ಸಣ್ಣ ಪ್ರಕಾಶನವೇ.

ಏಜೆನ್ಸಿಯ ಜಾಲತಾಣದಲ್ಲಿ ಬರೆದ ಸೂಚನೆಯನ್ನು ಅಕ್ಷರಶಃ ಪಾಲಿಸಿ. ಅಮೆರಿಕದವರು ಸಾಮಾನ್ಯವಾಗಿ ಒಂದು ಪುಟದ ಪತ್ರ ಮತ್ತು ಮೊದಲ ಐದೋ ಹತ್ತೋ ಪುಟ ಕೇಳುತ್ತಾರೆ. ಬ್ರಿಟನ್ನಿನವರು ಪತ್ರ, ಕಥಾಸಾರ, ಮೊದಲ ಮೂರು ಅಧ್ಯಾಯ ಕೇಳುತ್ತಾರೆ. ‘ಮೊದಲ ಮೂರು’ ಎಂದರೆ ಮೊದಲ ಮೂರೇ. ಹದಿನೇಳನೇ ಅಧ್ಯಾಯ ಎಷ್ಟೇ ಚೆನ್ನಾಗಿದ್ದರೂ ಅದನ್ನು ಆರಿಸಿ ಕಳಿಸುವಂತಿಲ್ಲ. ಲಗತ್ತು ಬೇಡ ಎಂದಿದ್ದರೆ ಪುಟಗಳನ್ನು ಇಮೇಲ್ ಒಳಗೇ ಅಂಟಿಸಿ. ಅಕ್ಷರ 12 ಪಾಯಿಂಟ್, ಸಾದಾ ಟೈಮ್ಸ್ ನ್ಯೂ ರೋಮನ್, ಸಾಲುಗಳ ನಡುವೆ ದುಪ್ಪಟ್ಟು ಜಾಗ, ಸುತ್ತಲೂ ಒಂದಿಂಚು ಅಂಚು. ಮುಖಪುಟದ ಚಿತ್ರ ಬರೆಸಿ ಕಳಿಸಬೇಡಿ.

ಆ ಒಂದು ಪುಟ

ಕ್ವೆರಿ ಪತ್ರ ಎಂದು ಕರೆಯುವ ಈ ಪುಟಕ್ಕೆ 250ರಿಂದ 350 ಪದ ಸಾಕು. ಅದರ ಕೆಲಸ ಏಜೆಂಟರು ನಿಮ್ಮ ಮೊದಲ ಪುಟವನ್ನು ತೆರೆಯುವಂತೆ ಮಾಡುವುದು, ಅಷ್ಟೇ. ಬೆನ್ನುಡಿಯನ್ನು ಬೇರೆಯವರಿಂದ ಬರೆಸಿ ರೂಢಿಯಾದ ನಾವು ಎಡವುವುದು ಇಲ್ಲೇ.

ಒಂದು ಕಲ್ಪಿತ ಕಾದಂಬರಿ ಇಟ್ಟುಕೊಳ್ಳೋಣ. 1964ರಲ್ಲಿ ಪೂರ್ಣಗೊಂಡ ಲಿಂಗನಮಕ್ಕಿ ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಿದ ಶರಾವತಿ ಕಣಿವೆಯ ಊರೊಂದರ ಕಥೆ. ಅದರ ಪತ್ರದಲ್ಲಿ ನಮ್ಮವರು ಸಾಮಾನ್ಯವಾಗಿ ಬರೆಯುವುದು ಹೀಗೆ: ‘ಮಲೆನಾಡಿನ ಬದುಕು, ಅಭಿವೃದ್ಧಿಯ ದುರಂತ ಹಾಗೂ ಮಾನವ ಸಂಬಂಧಗಳ ಸಂಕೀರ್ಣತೆಯನ್ನು ಮನೋಜ್ಞವಾಗಿ ಕಟ್ಟಿಕೊಡುವ ಕೃತಿಯಿದು.’ ಇದರಲ್ಲಿ ಒಂದೂ ಸುಳ್ಳಿಲ್ಲ. ಆದರೆ ಈ ವಾಕ್ಯವನ್ನು ನೂರು ಪುಸ್ತಕಗಳ ಬೆನ್ನಿಗೆ ಅಂಟಿಸಬಹುದು. ಓದಿದವರಿಗೆ ಒಬ್ಬ ಮನುಷ್ಯನ ಮುಖವೂ ಕಾಣುವುದಿಲ್ಲ.

ಅದೇ ಕಾದಂಬರಿಯನ್ನು ಹೀಗೆ ಹೇಳಿ ನೋಡಿ: ‘ಊರಿಗೆ ನೀರು ನುಗ್ಗುವ ಹಿಂದಿನ ವಾರ ಹದಿನಾರು ವರ್ಷದ ಭಾಗೀರಥಿ ತಂದೆಯ ಗೇಣಿ ಲೆಕ್ಕದ ಪುಸ್ತಕವನ್ನು ಕದ್ದು ತನ್ನ ಟ್ರಂಕಿನ ತಳದಲ್ಲಿಡುತ್ತಾಳೆ. ಹನ್ನೊಂದು ಗೇಣಿದಾರರ ಹೆಸರು ಅದರಲ್ಲಿದೆ. ಅವರಿಗೆ ಸಿಗಬೇಕಿದ್ದ ಪರಿಹಾರ ತಂದೆಯ ಕೈ ಸೇರಿದೆ. ನಲವತ್ತು ವರ್ಷಗಳ ಮೇಲೆ, ಬರಗಾಲದಲ್ಲಿ ಹಿನ್ನೀರು ಇಳಿದು ಗದ್ದೆಗಳ ಗಡಿಕಲ್ಲು ಎದ್ದು ಕಂಡ ಬೇಸಿಗೆಯಲ್ಲಿ, ಒಬ್ಬ ಗೇಣಿದಾರನ ಮೊಮ್ಮಗ ಸಾಗರದ ಅವಳ ಮನೆ ಬಾಗಿಲಿಗೆ ಬಂದು ಅಜ್ಜನ ಗದ್ದೆ ಯಾವುದಿತ್ತೆಂದು ಕೇಳುತ್ತಾನೆ. ಪುಸ್ತಕ ತೆಗೆದುಕೊಟ್ಟರೆ ತಂದೆಯ ಹೆಸರೂ ಆ ಹಣದಲ್ಲಿ ಕಟ್ಟಿದ ಮನೆಯೂ ಹೋಗುತ್ತದೆ. ಕೊಡದಿದ್ದರೆ ಅವಳು ತಂದೆಗೆ ಎರಡನೇ ಸಲ ಜೊತೆಯಾಗುತ್ತಾಳೆ.’

ಇಲ್ಲಿ ವಿಶೇಷಣಗಳೇ ಇಲ್ಲ. ಒಬ್ಬಳು ಹೆಂಗಸು, ಅವಳ ಬಳಿ ಇರುವ ಒಂದು ವಸ್ತು, ಬಾಗಿಲಲ್ಲಿ ನಿಂತ ಒಬ್ಬ ಹುಡುಗ, ಎರಡೂ ಕಡೆ ನಷ್ಟವಿರುವ ಒಂದು ಆಯ್ಕೆ. ಅಭಿವೃದ್ಧಿಯ ದುರಂತ, ಗೇಣಿ ಪದ್ಧತಿ, ಮಾನವ ಸಂಬಂಧ ಎಲ್ಲವೂ ಹೆಸರು ಹೇಳದೆಯೇ ಬಂದುಬಿಟ್ಟಿವೆ. ಯಾರು, ಏನು ಬೇಕು, ಅಡ್ಡ ಏನು, ತಪ್ಪಿದರೆ ಏನು ಕಳೆಯುತ್ತದೆ ಎಂಬ ನಾಲ್ಕು ಪ್ರಶ್ನೆಗಳಿಗೆ ಉತ್ತರ ಸಿಕ್ಕಿದರೆ ಆ ಪತ್ರ ಕೆಲಸ ಮಾಡುತ್ತದೆ. ಮುಂದೇನಾಯಿತು ಎಂದು ಹೇಳಬೇಡಿ. ಎರಡು ಹೆಸರಿಗಿಂತ ಹೆಚ್ಚು ಪಾತ್ರಗಳನ್ನು ತರಬೇಡಿ. ನಮ್ಮ ಕೂಡುಕುಟುಂಬದ ಕಾದಂಬರಿಗಳಲ್ಲಿ ಈ ಆಸೆ ತಡೆಯುವುದು ಕಷ್ಟ, ಆದರೂ ತಡೆಯಬೇಕು.

ಇದರ ಜೊತೆಗೆ ಹೆಸರು, ಪ್ರಕಾರ, ಪದಸಂಖ್ಯೆ ಒಂದು ಸಾಲಿನಲ್ಲಿ. ನಿಮ್ಮ ಪುಸ್ತಕ ಯಾವ ಓದುಗರ ಕೈ ಸೇರಬಹುದು ಎಂದು ತೋರಿಸಲು ಈಚಿನ ಎರಡು ಪುಸ್ತಕಗಳ ಹೋಲಿಕೆ. ಇದು ಅಂಗಡಿಯ ಕಪಾಟಿನಲ್ಲಿ ಜಾಗ ತೋರಿಸುವ ಕೆಲಸ, ನೀವು ಅವರಷ್ಟೇ ದೊಡ್ಡವರು ಎಂಬ ಹೇಳಿಕೆ ಅಲ್ಲ. ಹಾಗಾಗಿ ಮಾರ್ಕ್ವೆಜ್, ಟಾಲ್‌ಸ್ಟಾಯ್ ಹೆಸರು ಬೇಡ. ಶ್ರೀನಾಥ್ ಪೆರೂರ್ ಅನುವಾದಿಸಿದ ವಿವೇಕ ಶಾನಭಾಗರ ‘ಘಾಚರ್ ಘೋಚರ್’ ಅಮೆರಿಕದಲ್ಲಿ ಬಂದದ್ದು 2017ರಲ್ಲಿ. ಕನ್ನಡದವರೆಲ್ಲ ಅದನ್ನೇ ಹೆಸರಿಸುತ್ತಾರೆ, ಈಗ ಅದೂ ಹಳೆಯದಾಯಿತು. ಈ ವರ್ಷ, ಕಳೆದ ವರ್ಷ ಬಂದ ಪುಸ್ತಕಗಳನ್ನು ಓದಿ ಆರಿಸಿ.

ನಿಮ್ಮ ಪರಿಚಯ ಮೂರು ಸಾಲು ಸಾಕು. ತಾಯಿಯ ತವರು ಆ ಹಿನ್ನೀರಿನಲ್ಲಿ ಮುಳುಗಿದ್ದರೆ ಅದನ್ನು ಬರೆಯಿರಿ. ರಾಜ್ಯ ಸಾಹಿತ್ಯ ಅಕಾಡೆಮಿಯ ಬಹುಮಾನ ಬಂದಿದ್ದರೆ ಒಂದು ಸಾಲು. ಸನ್ಮಾನ, ಶಾಲು, ಸಮ್ಮೇಳನದ ಗೋಷ್ಠಿಗಳ ಪಟ್ಟಿ ಬೇಡ. ‘ಮಾನ್ಯರೇ, ತಮ್ಮ ಅಮೂಲ್ಯ ಸಮಯವನ್ನು ವ್ಯರ್ಥ ಮಾಡುತ್ತಿರುವುದಕ್ಕೆ ಕ್ಷಮೆಯಿರಲಿ’ ಎಂಬ ಧಾಟಿ ನಮ್ಮಲ್ಲಿ ವಿನಯ. ಅಲ್ಲಿ ಓದುವವರಿಗೆ, ಬರೆದವರಿಗೇ ಪುಸ್ತಕದ ಮೇಲೆ ನಂಬಿಕೆಯಿಲ್ಲ ಎಂದು ಕೇಳಿಸುತ್ತದೆ. ಹೆಸರು ಹಿಡಿದು ಸಂಬೋಧಿಸಿ, ಅವರ ಯಾವ ಪುಸ್ತಕ ನೋಡಿ ನೀವು ಬರೆಯುತ್ತಿದ್ದೀರಿ ಎಂದು ಒಂದು ನಿಜವಾದ ಸಾಲು ಬರೆಯಿರಿ.

ಕಥಾಸಾರ ಬೇರೆ ಜಾತಿಯದು. ಒಂದೆರಡು ಪುಟದಲ್ಲಿ ಕೊನೆಯ ತಿರುವನ್ನೂ ಸೇರಿಸಿ ಇಡೀ ಕಥೆ ಹೇಳಬೇಕು. ಗುಟ್ಟು ಮುಚ್ಚಿಡಬಾರದು.

ಮೊದಲ ಪುಟಗಳ ಬಗ್ಗೆ ಒಂದೇ ಮಾತು. ಗೇಣಿ, ಜಗಲಿ, ಹಂಡೆ ಎಂಬ ಪದಗಳಿಗೆಲ್ಲ ಪಕ್ಕದಲ್ಲೇ ಅರ್ಥ ಕೊಡುತ್ತ ಹೋಗಬೇಕೆಂದು ತುಂಬ ಜನ ಭಾವಿಸಿದ್ದಾರೆ. ಬೇಕಿಲ್ಲ. ‘ಹಾರ್ಟ್ ಲ್ಯಾಂಪ್’ ಅನುವಾದದಲ್ಲಿ ದೀಪಾ ಭಾಸ್ತಿ ಕನ್ನಡ, ಉರ್ದು, ಅರಬ್ಬಿ ಪದಗಳನ್ನು ಓರೆ ಅಕ್ಷರದಲ್ಲಿ ಹಾಕಿಲ್ಲ, ಅಡಿಟಿಪ್ಪಣಿಯನ್ನೂ ಕೊಟ್ಟಿಲ್ಲ. ಹಂಡೆಯಿಂದ ಬಿಸಿನೀರು ತೋಡಿಕೊಂಡರೆ ಹಂಡೆ ಏನೆಂದು ಯಾವ ದೇಶದ ಓದುಗರಿಗೂ ತಿಳಿಯುತ್ತದೆ.

ಅನುವಾದವಾಗಿದ್ದರೆ

ಇಲ್ಲಿ ತುಸು ನಿಲ್ಲಬೇಕು. ಒಳ್ಳೆಯ ಅನುವಾದಗಳು ಕಾಗದವಿಲ್ಲದೆ ನಿಂತುಹೋದದ್ದನ್ನು ನಾನು ಕಂಡಿದ್ದೇನೆ. ಅನುವಾದಿಸುವ ಹಕ್ಕು ಮೂಲ ಲೇಖಕರದು, ಅವರ ನಂತರ ವಾರಸುದಾರರದು. ಭಾರತದಲ್ಲಿ ಈ ಹಕ್ಕು ಲೇಖಕರ ಜೀವಿತಾವಧಿ ಮತ್ತು ಆಮೇಲೆ 60 ವರ್ಷ ಇರುತ್ತದೆ. 1986ರಲ್ಲಿ ತೀರಿಕೊಂಡ ಮಾಸ್ತಿಯವರ ಕೃತಿಗಳಿಗೆ 2046ರ ಕೊನೆಯವರೆಗೆ ಅನುಮತಿ ಬೇಕು. 1963ರಲ್ಲಿ ತೀರಿಕೊಂಡ ತ್ರಿವೇಣಿಯವರ ಕಾದಂಬರಿಗಳು ಭಾರತದಲ್ಲಿ 2024ರಿಂದ ಮುಕ್ತವಾಗಿವೆ. ಆದರೆ ಅಮೆರಿಕದಲ್ಲಿ ಅಂಥ ಹಳೆಯ ಕೃತಿಗಳಿಗೆ ಪ್ರಕಟವಾದ ವರ್ಷದಿಂದ 95 ವರ್ಷಗಳ ಲೆಕ್ಕವಿದೆ. ಆದ್ದರಿಂದ ಅಲ್ಲಿಗೆ ಕಳಿಸುವಾಗ ಮನೆಯವರ ಒಪ್ಪಿಗೆ ಪಡೆಯುವುದೇ ಸರಿಯಾದ ದಾರಿ.

ಒಪ್ಪಿಗೆ ಫೋನಿನಲ್ಲಿ ಸಿಕ್ಕಿದರೆ ಸಾಲದು. 1957ರ ಹಕ್ಕುಸ್ವಾಮ್ಯ ಕಾಯ್ದೆಯ 19ನೇ ಕಲಮಿನ ಪ್ರಕಾರ ಹಕ್ಕು ವರ್ಗಾವಣೆ ಬರಹದಲ್ಲಿರಬೇಕು, ಸಹಿಯಾಗಿರಬೇಕು. ಪತ್ರದಲ್ಲಿ ಅವಧಿ ಬರೆಯದಿದ್ದರೆ ಐದು ವರ್ಷವೆಂದೂ, ಪ್ರದೇಶ ಬರೆಯದಿದ್ದರೆ ಭಾರತಕ್ಕೆ ಮಾತ್ರವೆಂದೂ ಕಾನೂನು ತಿಳಿಯುತ್ತದೆ. ಕನ್ನಡದಲ್ಲಿ ಎಷ್ಟೋ ಪುಸ್ತಕಗಳು ಬಾಯಿಮಾತಿನ ಮೇಲೆ ಅಚ್ಚಾದವು. ನಾಲ್ವರು ಮಕ್ಕಳಲ್ಲಿ ಒಬ್ಬರು ಒಪ್ಪಿ ಮೂವರು ಒಪ್ಪದಿದ್ದರೆ ಏಜೆಂಟರು ಮುಂದೆ ಹೋಗಲಾರರು. ಲೇಖಕರಿದ್ದಾಗಲೇ, ಇಂಗ್ಲಿಷ್ ಭಾಷೆ, ಜಗತ್ತಿನ ಎಲ್ಲ ದೇಶ, ಇಷ್ಟು ವರ್ಷ ಎಂದು ಸ್ಪಷ್ಟವಾಗಿ ಬರೆಸಿಕೊಳ್ಳಿ. ಮುಂಗಡ, ರಾಯಧನದಲ್ಲಿ ಅನುವಾದಕರ ಪಾಲೆಷ್ಟು ಎಂಬುದೂ ಅದೇ ಕಾಗದದಲ್ಲಿರಲಿ. ಹಣ ಬಂದ ಮೇಲೆ ಈ ಮಾತು ತೆಗೆಯುವುದು ಇಬ್ಬರಿಗೂ ನೋವಿನ ವಿಷಯ.

ಏಜೆಂಟರಿಗೆ ಅನುವಾದದ ಮಾದರಿ ಪುಟಗಳ ಜೊತೆ ಮೂಲ ಲೇಖಕರ ಪರಿಚಯ, ಹಕ್ಕು ಯಾರ ಬಳಿ ಇದೆ ಎಂಬ ಒಂದು ಸಾಲು ಇರಬೇಕು. ಮೂಲ ಕನ್ನಡ ಕೇಳಿದರೆ ಯುನಿಕೋಡ್ ಕಡತ ಕೊಡಿ. ಹಳೆಯ ‘ನುಡಿ’, ‘ಬರಹ’ ತಂತ್ರಾಂಶಗಳ ಕಡತ ಅವರ ಕಂಪ್ಯೂಟರಿನಲ್ಲಿ ಅರ್ಥವಿಲ್ಲದ ರೋಮನ್ ಅಕ್ಷರಗಳಾಗಿ ತೆರೆದುಕೊಳ್ಳುತ್ತದೆ.

ಕಾಯುವುದು, ಹಣ, ಮೋಸ

ಒಂದು ಸಲಕ್ಕೆ ಐದಾರು ಜನರಿಗೆ ಕಳಿಸಿ. ಎಲ್ಲ ಐವತ್ತು ಹೆಸರಿಗೂ ಒಂದೇ ದಿನ ಕಳಿಸಿದರೆ ಪತ್ರದಲ್ಲಿ ತಪ್ಪಿದೆ ಎಂದು ತಿಳಿಯುವ ಹೊತ್ತಿಗೆ ಬಾಗಿಲುಗಳೆಲ್ಲ ಮುಚ್ಚಿರುತ್ತವೆ. ಯಾರಿಗೆ, ಯಾವತ್ತು, ಏನು ಕಳಿಸಿದ್ದೀರಿ ಎಂದು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಆರು ವಾರದಿಂದ ಮೂರು ತಿಂಗಳು ಕಾಯಬೇಕಾಗಬಹುದು. ಉತ್ತರ ಬರದಿದ್ದರೆ ಇಲ್ಲವೆಂದು ತಿಳಿಯಿರಿ ಎಂದು ಜಾಲತಾಣದಲ್ಲೇ ಬರೆದಿರುವವರು ಬಹಳ. ಹತ್ತು ಪತ್ರಕ್ಕೆ ಯಾರೂ ಪುಟ ಕೇಳದಿದ್ದರೆ ಪತ್ರ ತಿದ್ದಿ. ಪುಟ ಕೇಳಿ ಅಲ್ಲಿಗೇ ನಿಲ್ಲಿಸಿದರೆ ಮೊದಲ ಅಧ್ಯಾಯ ತಿದ್ದಿ. ಕ್ಯಾಥ್ರಿನ್ ಸ್ಟಾಕೆಟ್ ಅವರ ‘ದ ಹೆಲ್ಪ್’ ಕಾದಂಬರಿಯನ್ನು 60 ಏಜೆಂಟರು ನಿರಾಕರಿಸಿದ್ದರು. ಪ್ರತಿ ಸುತ್ತಿನ ನಡುವೆ ಅವರು ಕಾದಂಬರಿಯನ್ನು ಮತ್ತೆ ಮತ್ತೆ ತಿದ್ದುತ್ತಿದ್ದರು ಎಂಬುದೇ ಆ ಸಂಖ್ಯೆಗಿಂತ ನನಗೆ ಮುಖ್ಯವಾಗಿ ಕಾಣುತ್ತದೆ.

ಹಸ್ತಪ್ರತಿ ಓದಲು ಶುಲ್ಕ ಕೇಳುವವರು ಏಜೆಂಟರಲ್ಲ. ನೋಂದಣಿ ಶುಲ್ಕ, ಸಂಪಾದನೆಯ ಪ್ಯಾಕೇಜ್, ಪುಸ್ತಕ ಮೇಳದಲ್ಲಿ ಪ್ರದರ್ಶನಕ್ಕಿಡುವ ಖರ್ಚು, ಯಾವ ಹೆಸರಿನಲ್ಲಿ ಕೇಳಿದರೂ ಅಷ್ಟೇ. ಬ್ರಿಟನ್ನಿನಲ್ಲೂ ಅಮೆರಿಕದಲ್ಲೂ ಏಜೆಂಟರ ಸಂಘಗಳ ನಡವಳಿಕೆಯ ನಿಯಮಗಳು ಓದುವ ಶುಲ್ಕಕ್ಕೆ ವಿರುದ್ಧ. ಈಚೆಗೆ ಇನ್ನೊಂದು ಮೋಸ ನಡೆದಿದೆ: ನಿಜವಾದ ಏಜೆಂಟರ ಹೆಸರಿನಲ್ಲೇ ಲೇಖಕರಿಗೆ ಇಮೇಲ್ ಬರುತ್ತದೆ, ನಿಮ್ಮ ಪುಸ್ತಕವನ್ನು ಹೊಗಳಿ ಕೊನೆಗೆ ಹಣ ಕೇಳುತ್ತದೆ. ಕಳಿಸಿದ ವಿಳಾಸ ಏಜೆನ್ಸಿಯ ಜಾಲತಾಣದ್ದೇ ಎಂದು ನೋಡಿ. ‘ರೈಟರ್ ಬಿವೇರ್’ ಎಂಬ ಅಮೆರಿಕದ ಸ್ವಯಂಸೇವಾ ತಂಡ ಇಂಥವನ್ನು ವರ್ಷಗಳಿಂದ ಬಯಲಿಗೆಳೆಯುತ್ತಿದೆ. ಹೆಸರು ಹಾಕಿ ಹುಡುಕಿದರೆ ಅವರ ಎಚ್ಚರಿಕೆಗಳು ಸಿಗುತ್ತವೆ. ಬರೆಯಲು ಎಐ ಬಳಸಿದ್ದೀರಾ ಎಂದು ಕೆಲವು ಏಜೆನ್ಸಿಗಳು ಕೇಳುತ್ತಿವೆ. ಇದ್ದದ್ದನ್ನು ಇದ್ದ ಹಾಗೆ ಹೇಳಿ.

ಒಂದು ದಿನ ‘ಮಾತಾಡೋಣವೇ’ ಎಂಬ ಇಮೇಲ್ ಬಂದರೆ ಆ ಕರೆಯಲ್ಲಿ ಹೂಂಗುಟ್ಟುವುದಷ್ಟೇ ನಿಮ್ಮ ಕೆಲಸ ಎಂದುಕೊಳ್ಳಬೇಡಿ. ಕಾದಂಬರಿಯಲ್ಲಿ ಏನು ತಿದ್ದಬೇಕೆನ್ನುತ್ತೀರಿ, ಯಾವ ಸಂಪಾದಕರಿಗೆ ಕಳಿಸುತ್ತೀರಿ, ಭಾರತದ ಹಕ್ಕನ್ನು ಬೇರೆಯಾಗಿ ಮಾರುತ್ತೀರಾ, ಬಿಡಬೇಕೆಂದರೆ ಎಷ್ಟು ದಿನದ ನೋಟಿಸು ಎಂದು ಕೇಳಿ. ಭಾರತದ ಹಕ್ಕಿನ ಪ್ರಶ್ನೆಯನ್ನು ಮರೆಯಬೇಡಿ. ಲಂಡನ್ನಿನ ಪ್ರಕಾಶಕರು ಇಡೀ ಕಾಮನ್‌ವೆಲ್ತ್ ಪ್ರದೇಶವನ್ನೇ ಕೇಳುತ್ತಾರೆ. ಆಗ ಶಿವಮೊಗ್ಗದ ಓದುಗರಿಗೆ ನಿಮ್ಮ ಪುಸ್ತಕ ಆಮದಿನ ಬೆಲೆಯಲ್ಲಿ ಸಿಗುವ ಸಂಭವವಿದೆ. ಅಮೆರಿಕದಿಂದ ರಾಯಧನ ಬರುವುದಾದರೆ ಡಬ್ಲ್ಯೂ-8ಬೆನ್ ನಮೂನೆ ತುಂಬಿಕೊಡಿ. ಕೊಡದಿದ್ದರೆ ಅಲ್ಲಿ ಶೇ 30 ತೆರಿಗೆ ಹಿಡಿಯುತ್ತಾರೆ, ಭಾರತದ ಜೊತೆಗಿನ ಒಪ್ಪಂದದ ಪ್ರಕಾರ ಅದು ಶೇ 15.

ಕರೆಯಲ್ಲೇ ಒಪ್ಪಿಗೆ ಕೊಡುವ ಅಗತ್ಯವಿಲ್ಲ. ಎರಡು ವಾರ ಕೇಳುವುದು ವಾಡಿಕೆ, ಯಾರೂ ತಪ್ಪು ತಿಳಿಯುವುದಿಲ್ಲ. ಫೋನಿಟ್ಟ ಮೇಲೆ ನಿಮ್ಮ ನೋಟ್‌ಬುಕ್ ತೆಗೆಯಿರಿ. ಹಸ್ತಪ್ರತಿ ಇನ್ನೂ ಯಾರ ಮೇಜಿನ ಮೇಲಿದೆಯೋ ಅವರೆಲ್ಲರಿಗೂ, ಒಬ್ಬ ಏಜೆಂಟರು ನನ್ನ ಪುಸ್ತಕವನ್ನು ಒಪ್ಪಿಕೊಳ್ಳಲು ಮುಂದೆ ಬಂದಿದ್ದಾರೆ, ಇಂಥ ತಾರೀಖಿನೊಳಗೆ ತಿಳಿಸಿ ಎಂದು ಎರಡು ಸಾಲಿನ ಇಮೇಲ್ ಅವತ್ತೇ ಕಳಿಸಿ.